ಸಮಾವೇಶ ಮುಗಿಸಿ ದಾವಣಗೆರೆಗೆ ಬರುವ ವಿದೇಶಿ ಪ್ರತಿನಿಧಿಗಳು: ಹೇಗೆ ಬರಮಾಡಿಕೊಳ್ಳೋಣ?

ಸ್ವಾಗತ ಸಮಿತಿ ಅಕ್ಕ

ಎಲ್ಲರಿಗೂ ವಂದನೆ. ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕ್ರೈಸ್ತ ಸಭೆಗಳ (ಚರ್ಚ್‌ಗಳ) ಅಂತರರಾಷ್ಟ್ರೀಯ ಸಮಾವೇಶ ಇದೆ. ಅದು ಮುಗಿದ ಮೇಲೆ ಪ್ರತಿನಿಧಿಗಳನ್ನು ಸಣ್ಣ ಸಣ್ಣ ಗುಂಪು ಮಾಡಿ ರಾಜ್ಯದ ಬೇರೆ ಬೇರೆ ಊರುಗಳಿಗೆ ಕಳಿಸುತ್ತಾರೆ. ನಮ್ಮ ದಾವಣಗೆರೆಗೆ ಹದಿನೆಂಟು ಜನ. ಕೀನ್ಯಾ, ಘಾನಾ, ಬ್ರೆಜಿಲ್, ಜರ್ಮನಿ, ಕೊರಿಯಾ, ಇಂಡೋನೇಷ್ಯಾದವರು. ಇಬ್ಬರು ಬಿಷಪರಿದ್ದಾರೆ. ಉಳಿದವರು ಸಭಾಪಾಲಕರು (ಪಾಸ್ಟರ್‌ಗಳು), ಟೀಚರುಗಳು, ಯುವಜನರು. ಕೀನ್ಯಾದಿಂದ ಬರುವ ಒಬ್ಬ ಅಮ್ಮ ಮೆಕ್ಕೆಜೋಳ ಬೆಳೆಯುವ ರೈತರು. ಶುಕ್ರವಾರ ಬಂದು ಸೋಮವಾರ ಬೆಳಿಗ್ಗೆ ಹೊರಡುತ್ತಾರೆ.

ಸಮಿತಿಯಲ್ಲಿ ಈವರೆಗೆ ಮಾತಾಡಿರುವುದು ಇಷ್ಟು. ಮೈದಾನದಲ್ಲಿ ದೊಡ್ಡ ವೇದಿಕೆ. ಪ್ರತಿಯೊಬ್ಬರಿಗೂ ಶಾಲು, ಹಾರ, ಮೈಸೂರು ಪೇಟ, ನೆನಪಿನ ಕಾಣಿಕೆ. ಉಳಿಯಲು ಹೋಟೆಲು. ಭಾನುವಾರ ಆರಾಧನೆಯಲ್ಲಿ ಜರ್ಮನಿಯ ಬಿಷಪರ ಪ್ರಸಂಗ, ಅಂದರೆ ಉಪದೇಶ. ಕೊನೆಗೆ ಸಮುದಾಯ ಭವನದ ಕಟ್ಟಡಕ್ಕೆ ಸಹಾಯ ಕೇಳಿ ಒಂದು ಮನವಿ.

ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಮೂರು ದಿನ ಅವರನ್ನು ವೇದಿಕೆ ಮೇಲೆ ಕೂರಿಸಿ, ನಾವು ಕೆಳಗೆ ಕೂತು ನೋಡಿ ಕಳಿಸಿಬಿಟ್ಟರೆ ಅವರು ನಮ್ಮನ್ನು ಕಂಡ ಹಾಗಾಯಿತಾ? ನಾವು ಅವರನ್ನು ಕಂಡ ಹಾಗಾಯಿತಾ? ಇಂಥ ಕೆಲಸ ಮಾಡಿದ ಅನುಭವ ಇರುವವರು, ಬೇರೆ ಸಭೆಯವರು, ಬೇರೆ ಧರ್ಮದ ನೆರೆಯವರು ಯಾರೇ ಇರಲಿ, ದಯವಿಟ್ಟು ಹೇಳಿ. ಇನ್ನೂ ಬದಲಾಯಿಸಲು ಸಮಯ ಇದೆ.

ದುರ್ಗದ ಮೇಷ್ಟ್ರು

ಅಕ್ಕ, ನೀವು ಎತ್ತಿದ ಪ್ರಶ್ನೆಗೆ ನೂರು ವರ್ಷ ದಾಟಿದೆ. 1910ರಲ್ಲಿ ಎಡಿನ್‌ಬರೋದಲ್ಲಿ ಜಾಗತಿಕ ಮಿಷನರಿ ಸಮ್ಮೇಳನ ನಡೆಯಿತು. ಬಂದಿದ್ದವರಲ್ಲಿ ಹೆಚ್ಚಿನವರು ಯುರೋಪ್, ಅಮೆರಿಕದವರು. ಏಷ್ಯಾದವರು ಬೆರಳೆಣಿಕೆ. ಅಲ್ಲಿ ನಮ್ಮ ದಕ್ಷಿಣ ಭಾರತದ ವಿ.ಎಸ್. ಅಜರಯ್ಯ ಎದ್ದು ನಿಂತು ಮಾತಾಡಿದರು. ನೀವು ನಮಗಾಗಿ ಬಹಳ ತ್ಯಾಗ ಮಾಡಿದ್ದೀರಿ, ಅದಕ್ಕೆ ನಾವು ಋಣಿಗಳು, ಆದರೆ ನಮಗೆ ಪ್ರೀತಿಯೂ ಬೇಕು, ಸ್ನೇಹಿತರನ್ನು ಕೊಡಿ ಎಂಬುದು ಅವರ ಮಾತಿನ ಸಾರ. ಮಿಷನರಿಗಳಿಗೂ ಇಲ್ಲಿನ ಸಹೋದ್ಯೋಗಿಗಳಿಗೂ ಮಧ್ಯೆ ಒಂದೇ ಮೇಜಿನಲ್ಲಿ ಊಟ ಮಾಡುವಷ್ಟು ಸಲುಗೆಯೂ ಇಲ್ಲ ಎಂಬ ನೋವು ಅದರ ಹಿಂದೆ ಇತ್ತು. ಕೇಳುತ್ತಿದ್ದ ಕೆಲವರಿಗೆ ಸಿಟ್ಟೂ ಬಂತು. ಎರಡು ವರ್ಷದ ಮೇಲೆ, 1912ರಲ್ಲಿ, ಅದೇ ಅಜರಯ್ಯ ಈಗಿನ ತೆಲಂಗಾಣದ ದೋರ್ನಕಲ್‌ನ ಬಿಷಪ್ ಆದರು. ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯಲ್ಲಿ ಬಿಷಪ್ ಆದ ಮೊದಲ ಭಾರತೀಯರು ಅವರೇ.

ಆಗ ದೂರ ಇಟ್ಟವರು ಹೊರಗಿನವರು. ಈಗ ವೇದಿಕೆ ಕಟ್ಟಿ ಅವರನ್ನು ದೂರ ಇಡುತ್ತಿರುವವರು ನಾವು. ಸ್ನೇಹಿತರು ಮನೆಗೆ ಬಂದರೆ ಯಾರೂ ವೇದಿಕೆ ಹಾಕುವುದಿಲ್ಲ. ಒಳಗೆ ಕರೆದು ನೀರು ಕೊಡುತ್ತೇವೆ. ಹೋಟೆಲ್ ಬುಕ್ ಮಾಡಬೇಡಿ. ಮನೆಗಳಲ್ಲಿ ಇರಿಸಿ. ಮನವಿ ಪತ್ರವಂತೂ ಬೇಡವೇ ಬೇಡ. ಬಂದವರ ಕೈಗೆ ಮನವಿ ಇಟ್ಟ ಕ್ಷಣ ಅವರು ದಾನಿಗಳು, ನಾವು ಬೇಡುವವರು. ಆಮೇಲೆ ಸ್ನೇಹ ಎಲ್ಲಿಂದ ಬರಬೇಕು?

ಕಾಯರ್ ಹುಡುಗ

ದೇವಾಲಯದಲ್ಲಿ ಹಾಡುವ ನಮ್ಮ ತಂಡ ಎರಡು ಇಂಗ್ಲಿಷ್ ಹಾಡು ಪ್ರಾಕ್ಟೀಸ್ ಶುರು ಮಾಡಿದೆ. ಅವರಿಗೆ ಅರ್ಥ ಆಗಬೇಕಲ್ವಾ ಅಂತ. ಮುಂದುವರಿಸಬೇಕಾ, ಬೇಡವಾ?

ಬೂಸಾನ್‌ಗೆ ಹೋಗಿದ್ದವಳು

ಕಾಯರ್ ತಮ್ಮ, ಕನ್ನಡದಲ್ಲೇ ಹಾಡಿ. ಇಂಗ್ಲಿಷ್ ಹಾಡನ್ನು ಅವರು ಎಲ್ಲಿ ಬೇಕಾದರೂ ಕೇಳುತ್ತಾರೆ. ಪಲ್ಲವಿಯನ್ನು ಅವರ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡಿ. ಅವರೂ ದನಿಗೂಡಿಸುತ್ತಾರೆ. ಅವರ ಭಾಷೆಯ ಒಂದು ಹಾಡನ್ನು ನೀವೂ ಕಲಿಯಿರಿ.

2013ರಲ್ಲಿ ಜಾಗತಿಕ ಸಭೆಗಳ ಒಕ್ಕೂಟದ (ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್) ಹತ್ತನೇ ಮಹಾಸಭೆ ದಕ್ಷಿಣ ಕೊರಿಯಾದ ಬೂಸಾನ್‌ನಲ್ಲಿ ನಡೆಯಿತು. ನಾನು ಅಲ್ಲಿ ಸ್ಟುವರ್ಡ್ ಆಗಿದ್ದೆ. ಯುವಕ ಯುವತಿಯರನ್ನು ಬೇರೆ ಬೇರೆ ದೇಶಗಳಿಂದ ಆರಿಸಿ ಈ ಕೆಲಸಕ್ಕೆ ಕರೆಸುತ್ತಾರೆ. ಬಾಗಿಲು ಕಾಯುವುದು, ಕಾಗದ ಹಂಚುವುದು, ದಾರಿ ತೋರಿಸುವುದು. ಕೊರಿಯಾದವರ ಹಳೇ ಮನೆಗಳಲ್ಲಿ ಮದಾಂಗ್ ಅಂತ ಅಂಗಳ ಇರುತ್ತದೆ. ಮಹಾಸಭೆಯಲ್ಲಿ ಜನ ಕಲೆತು ಮಾತಾಡುವ ಜಾಗಕ್ಕೆ ಅದೇ ಹೆಸರಿಟ್ಟಿದ್ದರು. ಮುಖ್ಯ ಸಭಾಂಗಣದ ಭಾಷಣಗಳಲ್ಲಿ ಈಗ ನನಗೆ ನೆನಪಿರುವುದು ಕಡಿಮೆ. ಆ ಅಂಗಳದಲ್ಲಿ ಸಿಕ್ಕಿದ ಜನ ನೆನಪಿದ್ದಾರೆ, ಕೆಲವರ ಜೊತೆ ಇವತ್ತಿಗೂ ಪತ್ರ ಇದೆ. ವಾರಾಂತ್ಯದಲ್ಲಿ ಪ್ರತಿನಿಧಿಗಳನ್ನು ಬೇರೆ ಊರುಗಳ ಸಭೆಗಳಿಗೂ ಕರೆದೊಯ್ದಿದ್ದರು. ನೀವು ಮಾಡುತ್ತಿರುವುದೂ ಅದನ್ನೇ.

ಹಾಗಾಗಿ ಮೈದಾನ ಬಿಡಿ, ನಿಮ್ಮ ದೇವಾಲಯದ (ಚರ್ಚಿನ) ಅಂಗಳದಲ್ಲೇ ಶಾಮಿಯಾನ ಹಾಕಿಸಿ. ಕುರ್ಚಿಗಳನ್ನು ಗುಂಡಗೆ ಇಡಿ. ಒಬ್ಬ ಅತಿಥಿ, ಒಂದು ಮನೆಯವರು, ಹೀಗೆ ಬೆರೆಸಿ ಕೂರಿಸಿ.

ಇನ್ನೊಂದು ಮಾತು. ಹೇಳಲು ಬೇಸರ, ಆದರೂ ಹೇಳುತ್ತೇನೆ. ನಮ್ಮಲ್ಲಿ ಬಿಳಿ ಚರ್ಮದ ಅತಿಥಿ ಬಂದರೆ ಫೋಟೋಗೆ ಮುಗಿಬೀಳುತ್ತಾರೆ. ಪಕ್ಕದಲ್ಲಿ ನಿಂತ ಆಫ್ರಿಕಾದವರನ್ನು ಯಾರೂ ಮಾತಾಡಿಸುವುದಿಲ್ಲ. ಮಕ್ಕಳು ಅವರ ಕೂದಲು ಮುಟ್ಟಿ ನಗುತ್ತಾರೆ, ದೊಡ್ಡವರು ಸುಮ್ಮನಿರುತ್ತಾರೆ. ಒಕ್ಕೂಟದಲ್ಲಿ ಸುಮಾರು 350 ಸಭೆಗಳಿವೆ, ಆಫ್ರಿಕಾದ ಸಭೆಗಳು ಅದರಲ್ಲಿ ದೊಡ್ಡ ಪಾಲು. ಘಾನಾದ ಸಭಾಪಾಲಕರಿಗೂ ಜರ್ಮನಿಯ ಬಿಷಪರಿಗೂ ಒಂದೇ ಮರ್ಯಾದೆ ಸಿಗಬೇಕು. ಸಂಡೇ ಸ್ಕೂಲ್ ಮಕ್ಕಳಿಗೆ ಇದನ್ನು ಈಗಿಂದಲೇ ಹೇಳಿಕೊಡಿ. ಭೂಪಟ ಇಟ್ಟು ಆ ದೇಶಗಳನ್ನು ತೋರಿಸಿ, ಅಲ್ಲಿನ ವಂದನೆಯ ಮಾತು ಒಂದೊಂದು ಕಲಿಸಿ.

ವೀಸಾ ಕಾಗದ ನೋಡುವವನು

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ನಾನು ಕಾನೂನಿನ ಕಡೆಯಿಂದ ಸ್ವಲ್ಪ ಬರೆಯುತ್ತೇನೆ. ಉದ್ದ ಆಗುತ್ತದೆ, ಆದರೆ ಪೂರ್ತಿ ಓದಿ. ಇಲ್ಲಿ ತಪ್ಪಿದರೆ ತೊಂದರೆ ನಮಗಿಂತ ಅತಿಥಿಗಳಿಗೆ ಜಾಸ್ತಿ.

ಇಂಥ ಸಮಾವೇಶಕ್ಕೆ ಬರುವವರಿಗೆ ಕಾನ್ಫರೆನ್ಸ್ ವೀಸಾ ಬೇಕು. ಅದಕ್ಕೆ ಸಂಘಟಕರು ಮೊದಲೇ ಕೇಂದ್ರದ ಗೃಹ ಸಚಿವಾಲಯ ಮತ್ತು ವಿದೇಶಾಂಗ ಸಚಿವಾಲಯದ ಒಪ್ಪಿಗೆ ಪಡೆದಿರಬೇಕು. ದಾವಣಗೆರೆ ಭೇಟಿಯೂ ಆ ಕಾರ್ಯಕ್ರಮ ಪಟ್ಟಿಯಲ್ಲಿ ಇದೆಯಾ ಅಂತ ಬೆಂಗಳೂರಿನವರಿಂದ ಬರವಣಿಗೆಯಲ್ಲಿ ತರಿಸಿಕೊಳ್ಳಿ.

ಇನ್ನು ಪ್ರಸಂಗದ ವಿಷಯ. ಮಿಷನರಿ ವೀಸಾ ಎಂಬುದೇ ಬೇರೆ ಇದೆ. ಅದಿಲ್ಲದೆ ಬಂದ ವಿದೇಶಿಯರು ಧಾರ್ಮಿಕ ಸ್ಥಳಗಳಿಗೆ ಹೋಗಬಹುದು, ಆರಾಧನೆಯಲ್ಲಿ ಕೂರಬಹುದು, ಪ್ರವಚನ ಕೇಳಬಹುದು. ಆದರೆ ಧರ್ಮಪ್ರಚಾರ ಮಾಡುವುದು, ಧಾರ್ಮಿಕ ಸ್ಥಳಗಳಲ್ಲಿ ಭಾಷಣ ಮಾಡುವುದು, ಕರಪತ್ರ ಹಂಚುವುದು ಸರ್ಕಾರದ ನಿಯಮಕ್ಕೆ ವಿರುದ್ಧ. ಭಾನುವಾರ ಬಿಷಪರನ್ನು ಪ್ರಸಂಗಕ್ಕೆ ನಿಲ್ಲಿಸಿದರೆ, ಯಾರೋ ಒಬ್ಬರು ವಿಡಿಯೋ ಹಾಕಿದರೆ ಸಾಕು. ಅವರನ್ನು ದೇಶದಿಂದ ಕಳಿಸಬಹುದು, ಮುಂದೆ ಬರದಂತೆ ತಡೆಯಬಹುದು.

ಮನೆಗಳಲ್ಲಿ ಇರಿಸಿಕೊಳ್ಳುವುದು ಒಳ್ಳೆಯದು, ಮಾಡಿ. ಆದರೆ ವಿದೇಶಿಯರು ಉಳಿಯುವ ಪ್ರತಿ ಮನೆಯವರೂ ಅತಿಥಿಯ ವಿವರ ತಿಳಿಸುವ ಫಾರಂ ತುಂಬಬೇಕು, 2025ರ ಹೊಸ ನಿಯಮದ ಮೊದಲು ಅದನ್ನು ಫಾರಂ ಸಿ ಎನ್ನುತ್ತಿದ್ದರು. ಹೋಟೆಲಿಗೆ ಮಾತ್ರ ಅಲ್ಲ, ಮನೆಗೂ ಅನ್ವಯ. ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಸಲ್ಲಿಸಬೇಕು. ಪಾಸ್‌ಪೋರ್ಟ್, ವೀಸಾ ವಿವರ, ಫೋಟೋ ಬೇಕಾಗುತ್ತದೆ. ಮನೆಯವರು ಮೊದಲು ಆ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಕೊಳ್ಳಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ನೋಡುವುದು ಎಸ್‌ಪಿ ಕಚೇರಿ. ಒಂದು ಪತ್ರ ಕೊಟ್ಟು ಬನ್ನಿ. ನಿಮ್ಮ ಬಡಾವಣೆಯ ಠಾಣೆಗೂ ತಿಳಿಸಿ. ಮುಚ್ಚಿಡುವಂಥದ್ದು ನಮ್ಮಲ್ಲಿ ಏನೂ ಇಲ್ಲ ಎಂದ ಮೇಲೆ ಹೇಳಲು ಹಿಂಜರಿಕೆ ಯಾಕೆ?

ಹಣ. ವಿದೇಶಿ ಪ್ರಜೆ ಕೊಡುವ ಯಾವುದೇ ದೇಣಿಗೆ ವಿದೇಶಿ ದೇಣಿಗೆ. ಬೆಂಗಳೂರಿನಲ್ಲಿ ಬದಲಾಯಿಸಿದ ರೂಪಾಯಿ ನೋಟನ್ನೇ ಕಾಣಿಕೆ ತಟ್ಟೆಗೆ ಹಾಕಿದರೂ ಅಷ್ಟೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇರುವ ಸಂಸ್ಥೆ ಮಾತ್ರ ಅದನ್ನು ತೆಗೆದುಕೊಳ್ಳಬಹುದು. 2021ರಿಂದ ಅದು ಮೊದಲು ಬಂದು ಬೀಳಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಮೇಷ್ಟ್ರು ಹೇಳಿದಂತೆ ಮನವಿ ಪತ್ರ ಬಿಟ್ಟುಬಿಡಿ. ಭಾನುವಾರ ಕಾಣಿಕೆ ಎತ್ತುವಾಗ ಅತಿಥಿಗಳ ಸಾಲನ್ನು ದಾಟಿ ಹೋಗುವಂತೆ ಹೇಳಿ. ಅವರಿಗೂ ಮೊದಲೇ ತಿಳಿಸಿ, ಮುಜುಗರ ಆಗಬಾರದು.

ಕೊನೆಯದು. ಯಾರಾದರೂ ಸ್ಯಾಟಲೈಟ್ ಫೋನ್ ತರುವುದಾದರೆ ಬೇಡ ಎನ್ನಿ. ನಮ್ಮಲ್ಲಿ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಗೊತ್ತಿಲ್ಲದೆ ತಂದವರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದಿದ್ದಾರೆ.

ಸಭೆಯ ಹಿರಿಯ

ದೂರದಿಂದ ಬಂದ ಬಿಷಪರಿಗೆ ಪ್ರಸಂಗ ಕೊಡದೆ ಕೆಳಗೆ ಕೂರಿಸುವುದು ಅವಮಾನ ಅಲ್ವಾ? ನಮ್ಮ ಅಪ್ಪನ ಕಾಲದಿಂದ ಹೊರಗಿನಿಂದ ದೊಡ್ಡವರು ಬಂದರೆ ಅವರದ್ದೇ ಪ್ರಸಂಗ. ಇನ್ನೊಂದು, ಯಾರೋ ಆರತಿ ಎತ್ತಿ ಕುಂಕುಮ ಇಟ್ಟು ಸ್ವಾಗತ ಮಾಡುತ್ತಾರೆ ಎಂದು ಕೇಳಿದೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಅದು ನಮ್ಮ ಸಭೆಯ ಪದ್ಧತಿ ಅಲ್ಲ.

ವೀಸಾ ಕಾಗದ ನೋಡುವವನು

ಹಿರಿಯರೇ, ನಿಮ್ಮ ಮನಸ್ಸು ಅರ್ಥ ಆಗುತ್ತದೆ. ಎದ್ದು ನಿಂತು ಹೆಸರು, ಊರು ಹೇಳಿ ವಂದನೆ ತಿಳಿಸುವುದು ಬೇರೆ, ಪ್ರಸಂಗ ಬೇರೆ. ಮೊದಲನೆಯದಕ್ಕೂ ಸಂಘಟಕರನ್ನು ಕೇಳಿಕೊಂಡೇ ಮುಂದುವರಿಯಿರಿ. ಅವರ ವೀಸಾಕ್ಕೆ ತೊಂದರೆ ಬಾರದಂತೆ ನೋಡಿಕೊಳ್ಳುವುದೂ ಅವರಿಗೆ ನಾವು ಕೊಡುವ ಮರ್ಯಾದೆ.

ದುರ್ಗದ ಮೇಷ್ಟ್ರು

ಹಿರಿಯರೇ, ಪ್ರಸಂಗ ನಮ್ಮ ಸಭಾಪಾಲಕರೇ ಮಾಡಲಿ, ಕನ್ನಡದಲ್ಲೇ ಮಾಡಲಿ. ಒಬ್ಬರು ಇಂಗ್ಲಿಷಿಗೆ ಹೇಳುತ್ತಾ ಹೋಗಲಿ. ಹೊರಗಿನವರು ಮಾತಾಡಿದ್ದನ್ನು ನಾವು ಎರಡು ಶತಮಾನ ಕೇಳಿದ್ದೇವೆ. ನಮ್ಮ ಸಭಾಪಾಲಕರು ಬರಗಾಲದ ಬಗ್ಗೆ, ಊರು ಬಿಟ್ಟು ಬೆಂಗಳೂರಿಗೆ ಹೋಗುವ ಹುಡುಗರ ಬಗ್ಗೆ ಮಾತಾಡುವುದನ್ನು ಒಬ್ಬ ಜರ್ಮನ್ ಬಿಷಪ್ ಬೆಂಚಿನ ಮೇಲೆ ಕೂತು ಕೇಳಲಿ. ಕಾನೂನು ಇರದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಅನುವಾದ ಮಾಡುವವರಿಗೆ ಪ್ರಸಂಗದ ಪ್ರತಿ ಎರಡು ದಿನ ಮೊದಲೇ ಕೊಡಿ. ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ಹೇಳಿದರೆ ಇಪ್ಪತ್ತು ನಿಮಿಷದ್ದು ನಲವತ್ತು ಆಗುತ್ತದೆ. ಅಷ್ಟು ಚಿಕ್ಕದಾಗಿ ಬರೆಯಲು ಹೇಳಿ.

ಹರಿಹರದ ಮಗಳು

ನಾನು ಕ್ಯಾಥೋಲಿಕ್. ಆರತಿ ಬಗ್ಗೆ ನಮ್ಮಲ್ಲಿಯೂ ಚರ್ಚೆ ಆಗಿತ್ತು. ಜಗತ್ತಿನ ಕ್ಯಾಥೋಲಿಕ್ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ, ಭಾರತದ ಬಿಷಪರು ಕಳಿಸಿದ 12 ಅಂಶಗಳಿಗೆ ರೋಮ್ ಒಪ್ಪಿಗೆ ಕೊಟ್ಟಿತು. ಕೈ ಮುಗಿದು ವಂದಿಸುವುದು, ನೆಲದಲ್ಲಿ ಕೂರುವುದು, ದೀಪ, ಆರತಿ ಎಲ್ಲ ಅದರಲ್ಲಿವೆ. ಹಾಗಾಗಿ ನಮಗೆ ಅದು ಸಹಜ. ಆದರೆ ನಿಮ್ಮ ಸಭೆಯ ಹಿರಿಯರಿಗೆ ಮನಸ್ಸಿಲ್ಲ ಎಂದರೆ ಅತಿಥಿಗಳ ಮುಂದೆ ಒಳಜಗಳ ಯಾಕೆ? ಕೈಗೆ ಒಂದು ಹೂವು, ಕಾಲಿಗೆ ನೀರು ಕೊಟ್ಟರೆ ಸಾಕು, ಅದು ಎಲ್ಲರದ್ದೂ.

ಅವರನ್ನು ಒಂದು ಹೊತ್ತು ಹರಿಹರಕ್ಕೆ ಕರೆತನ್ನಿ, ದಾವಣಗೆರೆಯಿಂದ ಹತ್ತಿರವೇ. ಆರೋಗ್ಯಮಾತೆಯ ಬೆಸಿಲಿಕಾ ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಧರ್ಮದವರೂ ಬರುತ್ತಾರೆ. ಅದೇ ಊರಿನಲ್ಲಿ ಹೊಯ್ಸಳರ ಕಾಲದ ಹರಿಹರೇಶ್ವರ ದೇವಸ್ಥಾನ. ಅರ್ಧ ವಿಷ್ಣು, ಅರ್ಧ ಶಿವ ಸೇರಿ ಒಂದೇ ಮೂರ್ತಿ. ಸಭೆಗಳ ಐಕ್ಯಕ್ಕಾಗಿ ದುಡಿಯುವವರಿಗೆ ಅದನ್ನು ನೋಡುವುದು ಬಹಳ ಇಷ್ಟ ಆಗುತ್ತದೆ ಎಂಬುದು ನನ್ನ ನಂಬಿಕೆ.

ನರ್ಸ್ ಅಕ್ಕ

ಆರೋಗ್ಯದ ಮಾತು ಯಾರೂ ಎತ್ತಿಲ್ಲ.

ಕೀನ್ಯಾ, ಘಾನಾ, ಬ್ರೆಜಿಲ್‌ನಿಂದ ಬರುವವರ ಹತ್ತಿರ ಹಳದಿ ಜ್ವರದ ಲಸಿಕೆ ಕಾರ್ಡ್ ಇರಲೇಬೇಕು. ಲಸಿಕೆ ಹಾಕಿಸಿದ ಹತ್ತು ದಿನದ ಮೇಲೆಯೇ ಅದು ಊರ್ಜಿತ. ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಪ್ರತ್ಯೇಕ ಇರಿಸುತ್ತಾರೆ, ನಮ್ಮ ಊರು ನೋಡುವ ಮಾತೇ ಇಲ್ಲ. ಅವರಿಗೆ ಈಗಲೇ ಬರೆಯಿರಿ.

ಶೇಂಗಾ ಬಗ್ಗೆ ತುಂಬಾ ಎಚ್ಚರ. ನಮ್ಮ ಅಡುಗೆಯಲ್ಲಿ ಅದಿಲ್ಲದ ಜಾಗ ಇಲ್ಲ. ಮಂಡಕ್ಕಿಯಲ್ಲಿ ಶೇಂಗಾ, ಚಟ್ನಿಪುಡಿಯಲ್ಲಿ ಶೇಂಗಾ, ಒಗ್ಗರಣೆಗೆ ಶೇಂಗಾ ಎಣ್ಣೆ. ಕೆಲವರಿಗೆ ಸ್ವಲ್ಪ ತಗುಲಿದರೂ ಉಸಿರು ಕಟ್ಟುತ್ತದೆ. ಯಾರಿಗೆ ಏನು ಆಗುವುದಿಲ್ಲ, ಯಾರು ಸಕ್ಕರೆ ಕಾಯಿಲೆ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ಮೊದಲೇ ಕೇಳಿ ಪಟ್ಟಿ ಮಾಡಿ. ಆ ಪಟ್ಟಿ ಅಡುಗೆ ಮನೆಯಲ್ಲೇ ಇರಲಿ, ಸಮಿತಿಯ ಫೈಲಿನಲ್ಲಿ ಅಲ್ಲ.

ನೀರು ಕುದಿಸಿದ್ದು ಅಥವಾ ಸೀಲ್ ಬಾಟಲಿ. ಹೊರಗೆ ಕತ್ತರಿಸಿಟ್ಟ ಹಣ್ಣು, ಬರ್ಫ್ ಹಾಕಿದ ಜ್ಯೂಸ್ ಬೇಡ. ಬೆಣ್ಣೆ ದೋಸೆ ಧಾರಾಳವಾಗಿ ತಿನ್ನಿಸಿ, ಬಿಸಿ ಕಾವಲಿಯಿಂದ ಬಂದದ್ದು ಭಯ ಇಲ್ಲ. ಆದರೆ ಮೊದಲ ರಾತ್ರಿಯೇ ಮಿರ್ಚಿ, ಬೆಣ್ಣೆ, ಬಿರಿಯಾನಿ ಎಲ್ಲ ಒಟ್ಟಿಗೆ ಕೊಡಬೇಡಿ. ದೂರ ಪ್ರಯಾಣ ಮಾಡಿ ಬಂದ ಹೊಟ್ಟೆ. ಮೊಸರನ್ನ, ಇಡ್ಲಿ, ಬಾಳೆಹಣ್ಣು ಸಾಕು. ಸಂಜೆ ಮೂರು ಗಂಟೆ ಕೂರಿಸಿ ಭಾಷಣ ಮಾಡುವುದೂ ಆರೋಗ್ಯಕ್ಕೆ ಒಳ್ಳೆಯದಲ್ಲ. ಅವರಿಗೆ ನಿದ್ದೆ ಬೇಕು.

ಹಳ್ಳಿ ಸಭೆಯವಳು

ನಾನು ಇಲ್ಲಿ ಬರೆಯುವುದು ಕಡಿಮೆ. ಇವತ್ತು ಬರೆಯಬೇಕು ಅನ್ನಿಸಿತು.

ಹೊರದೇಶದವರು ಬಂದಾಗಲೆಲ್ಲ ಪೇಟೆ ದೇವಾಲಯದಲ್ಲೇ ಕಾರ್ಯಕ್ರಮ. ನಮ್ಮ ಹಳ್ಳಿಗೆ ಒಂದು ಟೆಂಪೋ ಕಳಿಸುತ್ತಾರೆ. ಜನ ತುಂಬಿಸಿಕೊಂಡು ಬನ್ನಿ ಎನ್ನುತ್ತಾರೆ. ನಾವು ಹಿಂದಿನ ಸಾಲಿನಲ್ಲಿ ಕೂತು, ಊಟ ಮಾಡಿ, ಕತ್ತಲಾದ ಮೇಲೆ ವಾಪಸ್ ಬರುತ್ತೇವೆ. ಬಂದವರು ಯಾರು, ಎಲ್ಲಿಯವರು ಎಂದು ನಮಗೆ ಗೊತ್ತಾಗುವುದಿಲ್ಲ. ನಾವು ಇದ್ದೆವು ಎಂದು ಅವರಿಗೂ ಗೊತ್ತಾಗುವುದಿಲ್ಲ. ನಮ್ಮದು ಹೊಲಗೇರಿಯ ಸಭೆ. ನಮ್ಮ ಅಜ್ಜಂದಿರು ತಾವೇ ಕಲ್ಲು ಹೊತ್ತು ಕಟ್ಟಿದ ಗುಡಿಸಲು ಮೊದಲಿತ್ತು, ಈಗ ಹೆಂಚಿನ ದೇವಾಲಯ ಇದೆ. ಅದನ್ನು ಯಾವ ಅತಿಥಿಯೂ ನೋಡಿಲ್ಲ.

ಈ ಸಲ ಅವರೇ ನಮ್ಮಲ್ಲಿಗೆ ಬರಲಿ. ಕುರ್ಚಿ ಸಾಲದಿದ್ದರೆ ಚಾಪೆ ಹಾಕುತ್ತೇವೆ. ಮುದ್ದೆ, ಸಾರು ಮಾಡುತ್ತೇವೆ.

ಕೀನ್ಯಾದ ಆ ಅಮ್ಮ ಮೆಕ್ಕೆಜೋಳ ಬೆಳೆಯುತ್ತಾರೆ ಎಂದು ಓದಿದೆ. ನಾವೂ ಅದನ್ನೇ ಬೆಳೆಯುವುದು. 2018ರಿಂದ ಸೈನಿಕ ಹುಳು ಬಿದ್ದು ಬೆಳೆ ಹೋದದ್ದು ನಿಮಗೆಲ್ಲ ಗೊತ್ತು. ಅದು ಆಫ್ರಿಕಾಕ್ಕೆ ನಮಗಿಂತ ಮೊದಲೇ, 2016ರಲ್ಲೇ ಬಂದಿತ್ತು ಎಂದು ಕೃಷಿ ಇಲಾಖೆಯವರು ಹೇಳಿದ್ದರು. ಅವರು ಏನು ಮಾಡಿದರು, ಸುಳಿಗೆ ಏನು ಹಾಕಿದರು ಎಂದು ಕೇಳಬೇಕು. ನವೆಂಬರ್ ಅಂದರೆ ನಮ್ಮಲ್ಲಿ ಕಟಾವು, ಒಕ್ಕಣೆ. ಹೊಲಕ್ಕೇ ಕರೆದುಕೊಂಡು ಹೋಗಬಹುದು.

ಬೂಸಾನ್‌ಗೆ ಹೋಗಿದ್ದವಳು

ಅಕ್ಕ, ನೀವು ಬರೆದಿದ್ದು ಒಳ್ಳೆಯದಾಯಿತು. ಸಮಿತಿಯವರು ಬೇರೆಲ್ಲ ಬಿಟ್ಟರೂ ಇದನ್ನು ಬಿಡಬಾರದು. ಕೀನ್ಯಾದಲ್ಲಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಉಗಾಲಿ ಮಾಡುತ್ತಾರೆ, ನಮ್ಮ ಮುದ್ದೆಯ ಹಾಗೇ ಕೈಯಲ್ಲಿ ಮುರಿದು ತಿನ್ನುತ್ತಾರೆ. ನಿಮ್ಮ ಊಟ ಅವರಿಗೆ ಹೊಸದಲ್ಲ.

ಪಕ್ಕದ ಬೀದಿಯವನು

ನಾನು ಲಿಂಗಾಯತರ ಮನೆಯವನು. ನಿಮ್ಮ ದೇವಾಲಯದ ಪಕ್ಕದ ಬೀದಿ. ಕ್ರಿಸ್‌ಮಸ್ ಕೇಕ್ ಪ್ರತಿವರ್ಷ ತಿನ್ನುತ್ತೇವೆ, ಈಗ ನಮ್ಮ ಸರದಿ ಬರಲಿ. ನಮ್ಮ ಮನೆಯಲ್ಲಿ ಮಹಡಿ ಮೇಲೆ ಎರಡು ಕೋಣೆ ಖಾಲಿ ಇವೆ, ಕಮೋಡ್ ಇದೆ, ಗೀಸರ್ ಇದೆ. ಸಸ್ಯಾಹಾರ ಪರವಾಗಿಲ್ಲ ಎನ್ನುವ ನಾಲ್ಕು ಜನರನ್ನು ಕಳಿಸಿ. ಆ ಫಾರಂ ತುಂಬುವುದು ಹೇಗೆಂದು ಹೇಳಿಕೊಟ್ಟರೆ ಸಾಕು. ಅಮ್ಮ ಆಗಲೇ ರೊಟ್ಟಿಗೆ ಏನು ಪಲ್ಯ ಎಂದು ಕೇಳುತ್ತಿದ್ದಾರೆ.

ದುರ್ಗದ ಮೇಷ್ಟ್ರು

ಕೋಟೆ ಬಗ್ಗೆ ಎರಡು ಮಾತು. ಬೆಂಗಳೂರಿನಿಂದ ಬರುವಾಗ ಚಿತ್ರದುರ್ಗ ದಾರಿಯಲ್ಲೇ ಸಿಗುತ್ತದೆ, ಹಾಗಾಗಿ ಶುಕ್ರವಾರವೇ ಕೋಟೆ ತೋರಿಸೋಣ ಎನ್ನುವವರು ಇರುತ್ತಾರೆ. ಬೇಡ. ಲಗೇಜ್ ಬಸ್ಸಿನಲ್ಲಿ, ತಲೆ ಮೇಲೆ ಬಿಸಿಲು, ಮೈಯಲ್ಲಿ ಸುಸ್ತು. ಶನಿವಾರ ಬೆಳಿಗ್ಗೆ ಬೇಗ ಬನ್ನಿ. ಏಳು ಸುತ್ತಿನ ಕೋಟೆಯನ್ನು ಪೂರ್ತಿ ಹತ್ತಿಸಬೇಡಿ. ಒನಕೆ ಓಬವ್ವನ ಕಿಂಡಿ ಮತ್ತು ಅಕ್ಕ ತಂಗಿ ಹೊಂಡ ಸಾಕು. ಬಂಡೆಗಳಿಂದ ಹರಿಯುವ ಮಳೆ ನೀರನ್ನು ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಸಿ ಹಿಡಿದಿಟ್ಟ ಬಗೆ ಬ್ರೆಜಿಲ್‌ನ ಒಣ ನಾಡಿನವರಿಗೂ ಕುತೂಹಲ ಹುಟ್ಟಿಸುತ್ತದೆ. ಮಂಡಿ ನೋವಿನವರಿಗೆ ಕೆಳಗೇ ನೆರಳಲ್ಲಿ ಕೂರಲು ಜೊತೆಗೆ ಒಬ್ಬರು ಇರಲಿ.

ನೆನಪಿನ ಕಾಣಿಕೆ ಎಂದು ಗಾಜಿನ ಫಲಕ ಕೊಡಬೇಡಿ. ವಿಮಾನದಲ್ಲಿ ಭಾರ, ಒಡೆದೂ ಹೋಗುತ್ತದೆ. ಚಳ್ಳಕೆರೆಯ ಕಂಬಳಿಯಲ್ಲಿ ಕೂರುವ ಚಿಕ್ಕ ಆಸನ ಸಿಗುತ್ತದೆ, ಕುರಿ ಉಣ್ಣೆಯಲ್ಲಿ ಕೈಮಗ್ಗದಲ್ಲಿ ನೇಯ್ದದ್ದು. ನೇಕಾರರ ಕೈಯಿಂದಲೇ ಕೊಂಡರೆ ಆ ದುಡ್ಡು ಅವರ ಮನೆ ಸೇರುತ್ತದೆ.

ಜರ್ಮನಿಯವರಿಗೆ ಕಿಟ್ಟೆಲರ ವಿಷಯ ತಪ್ಪದೆ ಹೇಳಿ. 1894ರಲ್ಲಿ ಬಂದ ಅವರ ಕನ್ನಡ ನಿಘಂಟನ್ನು ನಾವು ಇಂದಿಗೂ ತೆಗೆದು ನೋಡುತ್ತೇವೆ ಎಂದರೆ ಅವರ ಊರಿನವರಿಗೇ ಆಶ್ಚರ್ಯ ಆಗಬಹುದು.

ಸ್ವಾಗತ ಸಮಿತಿ ಅಕ್ಕ

ನಿನ್ನೆ ಸಮಿತಿ ಕೂತಿತ್ತು. ಈ ಚರ್ಚೆಯನ್ನು ಪೂರ್ತಿ ಓದಿ ಹೇಳಿದೆ. ಜೋರು ಮಾತು ನಡೆಯಿತು, ಆದರೆ ಕೊನೆಗೆ ಹೆಚ್ಚಿನವು ಒಪ್ಪಿಗೆ ಆದವು.

ವೇದಿಕೆ ಇಲ್ಲ, ಅಂಗಳದಲ್ಲಿ ಶಾಮಿಯಾನ. ಪೇಟ, ಶಾಲು ಇಲ್ಲ. ಬಾಗಿಲಲ್ಲಿ ನೀರು, ಒಂದೊಂದು ಹೂವು. ಆರತಿ ಇಲ್ಲ. ಸ್ವಾಗತದ ಮಾತು ಒಬ್ಬರೇ ಆಡುತ್ತಾರೆ, ಐದು ನಿಮಿಷ. ಮನವಿ ಪತ್ರ ಕೈಬಿಟ್ಟಿದ್ದೇವೆ. ಶನಿವಾರ ಬೆಳಿಗ್ಗೆ ದುರ್ಗ, ಸಂಜೆ ಹರಿಹರ. ಭಾನುವಾರ ನಮ್ಮ ಸಭಾಪಾಲಕರದ್ದೇ ಪ್ರಸಂಗ. ಹಿರಿಯರು ಮೊದಲು ಒಪ್ಪಲಿಲ್ಲ. ಆಮೇಲೆ, ಅನುವಾದಕ್ಕೆ ನಾನೇ ನಿಲ್ಲುತ್ತೇನೆ ಎಂದರು. ಅವರ ಇಂಗ್ಲಿಷ್ ನಮ್ಮೆಲ್ಲರಿಗಿಂತ ಚೆನ್ನಾಗಿದೆ, ನಮಗೆ ಬಹಳ ಸಂತೋಷ ಆಯಿತು.

ಭಾನುವಾರ ಆರಾಧನೆ ಮುಗಿದ ಕೂಡಲೇ ಎಲ್ಲ ಅತಿಥಿಗಳೂ ಹಳ್ಳಿಗೆ. ಊಟ ಅಲ್ಲೇ, ಸಂಜೆಯವರೆಗೂ ಅಲ್ಲೇ. ಪೇಟೆ ಸಭೆಯವರು ಬರಬೇಕೆಂದರೆ ಬರಬಹುದು, ಆದರೆ ಸಂಜೆಯ ಕಾರ್ಯಕ್ರಮ ಹೇಗಿರಬೇಕು ಎಂದು ತೀರ್ಮಾನಿಸುವವರು ಹಳ್ಳಿ ಸಭೆಯ ಹೆಂಗಸರು.

ಪ್ರಯಾಣಕ್ಕೆ ಬಸ್ ಗೊತ್ತು ಮಾಡಿದ್ದೇವೆ. ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ ನಿಜ, ಆದರೆ ನಿಲ್ಲುವ ಹೊತ್ತು ಬಹಳ ಕಡಿಮೆ. ಹದಿನೆಂಟು ಜನ, ದೊಡ್ಡ ದೊಡ್ಡ ಸೂಟ್‌ಕೇಸು, ಅಷ್ಟರಲ್ಲಿ ಇಳಿಸುವುದು ಕಷ್ಟ.

ಒಂಬತ್ತು ಮನೆಗಳು ಸಿಕ್ಕಿವೆ. ಪಕ್ಕದ ಬೀದಿಯ ಅಣ್ಣ, ನಿಮ್ಮ ಮನೆಯೂ ಸೇರಿ. ಈ ಶನಿವಾರ ಎಲ್ಲ ಮನೆಯವರೂ ದೇವಾಲಯಕ್ಕೆ ಬಂದರೆ ಪೋರ್ಟಲ್ ನೋಂದಣಿ ಒಟ್ಟಿಗೆ ಮುಗಿಸೋಣ. ಆಧಾರ್, ಮನೆಯ ಕರೆಂಟ್ ಬಿಲ್, ಮೊಬೈಲ್ ತನ್ನಿ.

ಒಂದು ತೊಂದರೆ ಉಳಿದಿದೆ. ಬ್ರೆಜಿಲ್‌ನಿಂದ ಬರುವ ಇಬ್ಬರು ಯುವತಿಯರಿಗೆ ಪೋರ್ಚುಗೀಸ್ ಬಿಟ್ಟು ಬೇರೆ ಭಾಷೆ ಅಷ್ಟಾಗಿ ಬರುವುದಿಲ್ಲವಂತೆ. ನಮ್ಮ ಕಡೆ ಬಲ್ಲವರು ಯಾರಾದರೂ ಇದ್ದಾರಾ?

ಹರಿಹರದ ಮಗಳು

ನನಗೆ ಗೊತ್ತಿರುವ ಸಿಸ್ಟರ್ ಒಬ್ಬರು ಗೋವಾದವರು. ವಯಸ್ಸಾಗಿದೆ, ಆದರೆ ಪೋರ್ಚುಗೀಸ್ ಚೆನ್ನಾಗಿ ಬರುತ್ತದೆ. ಕೇಳಿ ನಾಳೆ ಹೇಳುತ್ತೇನೆ. ಶನಿವಾರ ಸಂಜೆಗಂತೂ ಖಂಡಿತ ಬರುತ್ತಾರೆ. ಭಾನುವಾರ ಹಳ್ಳಿಗೂ ಬರಲು ಒಪ್ಪಿದರೆ ಅವರಿಗೆ ಕಾರಿನ ವ್ಯವಸ್ಥೆ ಆಗಬೇಕು, ಬಸ್ ಮೆಟ್ಟಿಲು ಹತ್ತುವುದು ಅವರಿಗೆ ಆಗುವುದಿಲ್ಲ.

ಪಕ್ಕದ ಬೀದಿಯವನು

ನಮ್ಮ ಕಾರು ಇದೆ. ನಾನೇ ಓಡಿಸುತ್ತೇನೆ. ಎಷ್ಟು ಹೊತ್ತಿಗೆ ಬರಬೇಕು ಎಂದು ತಿಳಿಸಿ.